ಕಾರಾಪುರದ ಸಾಬು: ಒಂದು ಪುನರ್ವಿಮರ್ಶೆ

೧

ಶಾಸನ, ಛಂದಸ್ಸು, ದೇಶೀಯ ಇತಿಹಾಸ ಇವುಗಳ ವಿಚಾರವನ್ನು ನಿರೀಕ್ಷಿಸಿ ಪತ್ರಿಕೆಯನ್ನು ತೆರೆಯುವ ವಾಚಕರ ಮುಂದೆ ಚಲಚ್ಚಿತ್ರ ನಟನೊಬ್ಬನ ವಿಷಯವನ್ನು ಇಡುವಾಗ ಲೇಖಕನಿಗೆ ತುಸು ಸಂಕೋಚವಾಗುವುದು ಸಹಜ. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕ್ರಿ.ಶ. ೯೪೦ರ ತಾಮ್ರಶಾಸನವನ್ನು ಕುರಿತು ಬರೆದರೆ, ವಿದರ್ಭದಲ್ಲಿ ನೆಲೆಸಿದ ಕನ್ನಡಿಗರು ಅದನ್ನು ಕೂಡಲೇ ತಮ್ಮ ವಿಷಯವೆಂದು ಭಾವಿಸುತ್ತಾರೆ. ಹಾಲಿವುಡ್ಡಿನ ನಟನೊಬ್ಬ ತಮ್ಮವನು ಹೇಗಾದಾನು ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಮೊದಲು ಭೂಗೋಳದ ಒಂದು ಸಂಗತಿಯನ್ನು ಹೇಳಬೇಕು.

ನಾಗಪುರದಿಂದ ಜಬಲ್ಪುರದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ, ಖವಾಸಾದ ಗಡಿಯನ್ನು ದಾಟಿ, ಪೇಂಚ್ ಅರಣ್ಯದ ಅಂಚಿನಲ್ಲೇ ಸಾಗಿ, ಸುಮಾರು ೧೨೫ ಕಿಲೋಮೀಟರಿನಲ್ಲಿ ಸಿವನಿ ಎಂಬ ಊರು ಸಿಕ್ಕುತ್ತದೆ. ಬ್ಯಾಂಕಿನ ಕೆಲಸದ ನಿಮಿತ್ತ ಈ ಲೇಖಕನು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿಬಂದಿದ್ದಾನೆ. ರಡ್ಯಾರ್ಡ್ ಕಿಪ್ಲಿಂಗನು ೧೮೯೪ರಲ್ಲಿ ಪ್ರಕಟಿಸಿದ 'ಜಂಗಲ್ ಬುಕ್' ಗ್ರಂಥದ ಮೌಗ್ಲಿ ತೋಳಗಳ ನಡುವೆ ಬೆಳೆದದ್ದು ಈ ಸಿವನಿಯ ಬೆಟ್ಟಗಳಲ್ಲಿ. ಕಿಪ್ಲಿಂಗನಾದರೋ ಆ ಕಥೆಗಳನ್ನು ಬರೆದದ್ದು ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಕುಳಿತು. ೧೯೪೨ರಲ್ಲಿ ಆ ಕಥೆ ಚಲಚ್ಚಿತ್ರವಾದಾಗ ಸಿವನಿಯ ಕಾಡು ಕ್ಯಾಲಿಫೋರ್ನಿಯದಲ್ಲಿ ಎದ್ದು ನಿಂತಿತು. ಆ ಕೃತಕ ಕಾಡಿನಲ್ಲಿ ಮೌಗ್ಲಿಯಾಗಿ ಓಡಾಡಿದವನು ಮಾತ್ರ ನಿಜವಾದ ಕಾಡಿನ ಅಂಚಿನಿಂದ ಬಂದಿದ್ದ. ಅವನು ಮೈಸೂರು ಸಂಸ್ಥಾನದ ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದ ಮಾವುತನೊಬ್ಬನ ಮಗ ಸಾಬು.

ಸಾಬುವಿನ ಜೀವನವನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ಹೇಳುವುದುಂಟು. ಆನೆಲಾಯದ ಅನಾಥ ಬಾಲಕನು ಜಗತ್ಪ್ರಸಿದ್ಧನಾದನೆಂಬ ಭಾಗ್ಯೋದಯದ ಕಥೆ ಒಂದು. ಕೀರ್ತಿ ಬೇಗನೆ ಬಂದು ಬೇಗನೆ ಹೋಯಿತೆಂಬ ಮರುಕದ ಕಥೆ ಮತ್ತೊಂದು. ಎರಡರಲ್ಲಿಯೂ ಅವನ ಚಿತ್ರಗಳ ವಿಮರ್ಶೆ ಇಲ್ಲ. ಆ ಚಿತ್ರಗಳನ್ನೇ ಎದುರಿಟ್ಟುಕೊಂಡು, ಅವನಿಗೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಜೀವನದ ವಿವರಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಾಬು ೧೯೨೪ರ ಜನವರಿ ೨೭ರಂದು ಹುಟ್ಟಿದ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಮಹಾರಾಜರ ಆನೆಲಾಯದ ಆಶ್ರಯದಲ್ಲಿ ಬೆಳೆದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನ ಪರವಾಗಿ ಪ್ರಸಿದ್ಧ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ೧೯೩೫ರಲ್ಲಿ ಮೈಸೂರಿಗೆ ಬಂದಾಗ, ಅವನ ತಂಡದ ಛಾಯಾಗ್ರಾಹಕ ಆಸ್ಮಂಡ್ ಬೊರಡೇಲನ ಕಣ್ಣಿಗೆ ಈ ಹುಡುಗ ಬಿದ್ದನೆಂದು ಹೇಳುತ್ತಾರೆ. 'ಎಲಿಫೆಂಟ್ ಬಾಯ್' ೧೯೩೭ರಲ್ಲಿ ತೆರೆಕಂಡಿತು. ಅಣ್ಣ ಶೇಖ್ ದಸ್ತಗೀರನೊಂದಿಗೆ ಸಾಬು ಇಂಗ್ಲೆಂಡಿಗೆ ಹೋದ. ಮಹಾಯುದ್ಧ ತೊಡಗಿದ ಮೇಲೆ ಕೋರ್ಡಾನ ಕೆಲಸ ಅಮೆರಿಕಕ್ಕೆ ಸಾಗಲು ಸಾಬುವೂ ಹಾಲಿವುಡ್ಡನ್ನು ಸೇರಿದ. ೧೯೪೪ರಲ್ಲಿ ಅಮೆರಿಕದ ಪೌರನಾದ. ಭಾರತೀಯರಿಗೆ ಪೌರತ್ವವಿಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ೧೯೨೩ರಲ್ಲಿ ತೀರ್ಪು ಕೊಟ್ಟಿತ್ತು. ಸಾಮಾನ್ಯ ಭಾರತೀಯರಿಗೆ ಆ ಬಾಗಿಲು ತೆರೆದದ್ದು ೧೯೪೬ರ ಕಾಯಿದೆಯಿಂದ. ಸಾಬು ಸೇನೆಯ ವಾಯುದಳವನ್ನು ಸೇರಿ, 'ಲಿಬರೇಟರ್' ಬಾಂಬರ್ ವಿಮಾನದ ಬಂದೂಕುಗಾರನಾಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ, 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕವನ್ನು ಪಡೆದ. ೧೯೪೮ರಲ್ಲಿ ನಟಿ ಮ್ಯಾರಿಲಿನ್ ಕೂಪರಳನ್ನು ಮದುವೆಯಾದ, ಇಬ್ಬರು ಮಕ್ಕಳಾದರು. ೧೯೬೩ರ ಡಿಸೆಂಬರ್ ೨ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಕೇವಲ ೩೯ ವರ್ಷ.

ಅವನ ಮನೆಮಾತು ಕನ್ನಡವೆಂದು ಸಾಧಿಸುವ ಹಟ ಇಲ್ಲಿ ಬೇಕಿಲ್ಲ. ಕಬಿನಿಯ ನೀರು ಕುಡಿದು, ಮೈಸೂರಿನ ಆನೆಗಳೊಡನೆ ಆಡಿ ಬೆಳೆದವನು ಕನ್ನಡ ನಾಡಿನವನೆನ್ನಲು ಅಷ್ಟೇ ಸಾಕು. ಭಾಷೆಯನ್ನು ಹೊತ್ತುಕೊಂಡು ನಾಡನ್ನು ಬಿಟ್ಟುಬಂದ ನಮ್ಮಂಥವರು, ನಾಡನ್ನಷ್ಟೇ ಮೈಯಲ್ಲಿ ಹೊತ್ತು ಹೋದವನನ್ನು ಪರಕೀಯನೆಂದು ತಳ್ಳುವುದು ಉಚಿತವಲ್ಲ.

೩

'ಎಲಿಫೆಂಟ್ ಬಾಯ್' ಚಿತ್ರಕ್ಕೆ ಆಧಾರವಾದದ್ದು ಅದೇ 'ಜಂಗಲ್ ಬುಕ್' ಗ್ರಂಥದಲ್ಲಿರುವ ತೂಮಾಯಿಯ ಕಥೆ. ಮೂಲದಲ್ಲಿ ಕಥೆ ನಡೆಯುವುದು ಅಸ್ಸಾಮಿನ ಕಡೆಯ ಗಾರೋ ಬೆಟ್ಟಗಳಲ್ಲಿ. ಅದನ್ನು ಮೈಸೂರಿಗೆ ತಂದದ್ದು ಅನುಚಿತವಾಗಲಿಲ್ಲ. ಕಥೆಯ ಪೀಟರ್ಸನ್ ಸಾಹೇಬನಿಗೆ ಮಾದರಿಯಾದವನು ಜಿ. ಪಿ. ಸ್ಯಾಂಡರ್ಸನ್ ಎಂದು ಬಲ್ಲವರು ಹೇಳುತ್ತಾರೆ. ಆ ಸ್ಯಾಂಡರ್ಸನ್ನನೇ ೧೮೭೦ರ ದಶಕದಲ್ಲಿ ಮೈಸೂರಿನಲ್ಲಿ ಖೆಡ್ಡಾ ಪದ್ಧತಿಯನ್ನು ಆರಂಭಿಸಿದವನು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು. ಚಿತ್ರತಂಡಕ್ಕೆ ಅರಮನೆಯ ನೆರವು ಧಾರಾಳವಾಗಿ ದೊರೆಯಿತು. ಮಹಾರಾಜರ ಆನೆ ಐರಾವತ ಕಥೆಯ ಕಾಳನಾಗನಾಯಿತು. ಚಿತ್ರಕ್ಕಾಗಿ ಖೆಡ್ಡಾ ಒಂದನ್ನು ನಡೆಸಿ ಕಾಡಾನೆಗಳ ಹಿಂಡನ್ನೇ ಕ್ಯಾಮೆರಾದ ಮುಂದೆ ಅಟ್ಟಿದರು.

ಈ ಚಿತ್ರ ಎರಡು ಕೈಗಳ ಕೃತಿ. ಫ್ಲಾಹರ್ಟಿ ತಿಂಗಳುಗಟ್ಟಲೆ ಮೈಸೂರಿನಲ್ಲಿ ಚಿತ್ರಿಸಿದ್ದು ಒಂದು ಭಾಗ. ಅದರಲ್ಲಿ ಕಥೆ ಸಾಲದೆಂದು ಅಲೆಕ್ಸಾಂಡರನ ತಮ್ಮ ಜೋಲ್ಟನ್ ಕೋರ್ಡಾ ಲಂಡನ್ನಿನ ಬಳಿಯ ಡೆನ್ಹ್ಯಾಮ್ ಸ್ಟುಡಿಯೊದಲ್ಲಿ ಸೇರಿಸಿದ್ದು ಇನ್ನೊಂದು ಭಾಗ. ೧೯೩೭ರ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಇಬ್ಬರಿಗೂ ಸಂದಿತು. ಆದರೂ ಹೊಲಿಗೆ ಕಾಣದೆ ಇರದು. ಡೆನ್ಹ್ಯಾಮಿನ ಭಾಗದಲ್ಲಿ ಮುಖಕ್ಕೆ ಕಂದುಬಣ್ಣ ಬಳಿದುಕೊಂಡ ಆಂಗ್ಲ ನಟರು ಮಾವುತರಾಗಿ ಮಾತನಾಡುತ್ತಾರೆ. ಅಲ್ಲಿ ಸಾಬು ಹೇಳಿಕೊಟ್ಟದ್ದನ್ನು ಒಪ್ಪಿಸುವ ಜಾಣ ಹುಡುಗ. ಮೈಸೂರಿನ ಭಾಗದಲ್ಲಿ ಅವನು ಮಾತನಾಡುವುದೇ ಕಡಿಮೆ. ಸೊಂಡಿಲು ಎತ್ತಿದಂತೆ ಹಗುರವಾಗಿ ಮೇಲೇರುತ್ತಾನೆ. ಆನೆಯ ಕತ್ತಿನ ಮೇಲೆ, ಮನೆಯ ಜಗಲಿಯ ಮೇಲೆ ಕೂತಷ್ಟು ನಿರಾಳವಾಗಿ ಕೂರುತ್ತಾನೆ. ಕಿವಿಯ ಹಿಂದೆ ಕಾಲ್ಬೆರಳಿನ ಒತ್ತಡದಿಂದಲೇ ಅಷ್ಟು ದೊಡ್ಡ ಪ್ರಾಣಿಯನ್ನು ತಿರುಗಿಸುತ್ತಾನೆ. ಇದನ್ನು ಅಭಿನಯವೆನ್ನಬೇಕೋ ಕಸಬೆನ್ನಬೇಕೋ ತಿಳಿಯದು. ಮಾವುತರ ಮಕ್ಕಳು ಹುಟ್ಟಿನಿಂದ ಕಲಿಯುವ ಒಂದು ವಿದ್ಯೆ ಇಲ್ಲಿ ಮೊದಲ ಬಾರಿಗೆ ಜಗತ್ತಿನ ಕಣ್ಣಿಗೆ ಕಲೆಯಾಗಿ ಕಂಡಿತು. ಚಿತ್ರವನ್ನು ಕಾಪಾಡಿದ್ದು ಈ ವಿದ್ಯೆ.

ಕನ್ನಡ ಚಿತ್ರರಂಗದ ಇತಿಹಾಸದೊಡನೆ ಇದನ್ನು ಹೋಲಿಸಿ ನೋಡಬೇಕು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ೧೯೩೪ರಲ್ಲಿ ತೆರೆಗೆ ಬಂತು. ಅದರ ಚಿತ್ರೀಕರಣ ನಡೆದದ್ದು ಕನ್ನಡ ನಾಡಿನಲ್ಲಲ್ಲ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಅದರ ಪ್ರತಿಯೂ ಇಂದು ಉಳಿದಿಲ್ಲ. ಅದರ ಬೆನ್ನಿಗೇ ಮೈಸೂರಿನ ನೆಲದಲ್ಲಿ, ಮೈಸೂರಿನ ಆನೆ ಮತ್ತು ಜನರನ್ನು ಇಟ್ಟುಕೊಂಡು ಪರಭಾಷೆಯ ಚಿತ್ರವೊಂದು ತಯಾರಾಯಿತು, ಅದು ಉಳಿದಿದೆ. ಖೆಡ್ಡಾ ಕೊನೆಯದಾಗಿ ನಡೆದದ್ದು ೧೯೭೧ರಲ್ಲಿ. ೧೯೭೪ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು, ಕಾಕನಕೋಟೆಯ ಸುತ್ತಿನ ಕಾಡಿನ ಬಹುಭಾಗ ಕಬಿನಿಯ ಹಿನ್ನೀರಿನಲ್ಲಿ ಮುಳುಗಿತು. ಆ ಕಾಡು, ಆ ಹೊಳೆ, ಮಾವುತರ ಆ ನಡೆನುಡಿ ಹೇಗಿದ್ದವೆಂದು ಕಣ್ಣಾರೆ ಕಾಣಬೇಕಾದರೆ ಈ ಆಂಗ್ಲ ಚಿತ್ರವನ್ನೇ ಆಶ್ರಯಿಸಬೇಕಾಗಿದೆ. ಕರ್ನಾಟಕದ ಇತಿಹಾಸಕಾರರು ಇದನ್ನು ಆಕರವೆಂದು ಎಣಿಸದೆ ಬಿಟ್ಟಿರುವುದು ಒಂದು ಕೊರತೆಯೆಂದೇ ಹೇಳಬೇಕು.

೪

ಇನ್ನು ಮುಂದಿನ ಚಿತ್ರಗಳು. 'ದಿ ಡ್ರಮ್' (೧೯೩೮) ಚಿತ್ರದಲ್ಲಿ ಸಾಬು ವಾಯವ್ಯ ಗಡಿಯ ರಾಜಕುಮಾರ ಅಜೀಮ್. ಬ್ರಿಟಿಷ್ ಪ್ರಭುತ್ವದ ಸ್ತುತಿಯಾದ ಆ ಚಿತ್ರಕ್ಕೆ ಮುಂಬಯಿ, ಮದರಾಸುಗಳಲ್ಲಿ ತೀವ್ರ ಪ್ರತಿಭಟನೆ ನಡೆಯಿತು. ನಾಲ್ಕು ಕಾಸಿನ ನೌಕರಿಯ ಹುಡುಗ ತನ್ನ ದೇಶದ ಜನ ಕಲ್ಲು ತೂರುವ ಚಿತ್ರದ ಮುಖವಾದದ್ದಕ್ಕೆ ಅವನನ್ನು ಹೊಣೆಮಾಡಲಾಗದು. ಆದರೆ ಅದನ್ನು ಮರೆಯಲೂ ಆಗದು. ಅವನ ಕೀರ್ತಿಯ ಖಾತೆಯಲ್ಲಿ ಇದೂ ಖರ್ಚಿನ ಕಡೆಗೆ ಬರೆಯಬೇಕಾದ ಬಾಬ್ತು.

'ದಿ ಥೀಫ್ ಆಫ್ ಬಾಗ್ದಾದ್' (೧೯೪೦) ಅವನ ಚಿತ್ರಗಳಲ್ಲೆಲ್ಲ ಹೆಚ್ಚು ಪ್ರಸಿದ್ಧ. ಮೂರು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಬಂದವು. ನಮ್ಮ ವಿಚಾರಕ್ಕೆ ಮುಖ್ಯವಾದ ಸಾಕ್ಷ್ಯವಿರುವುದೂ ಇಲ್ಲಿಯೇ. ಇದೇ ಹೆಸರಿನ ೧೯೨೪ರ ಮೂಕಚಿತ್ರದಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಬಾಗ್ದಾದಿನ ಕಳ್ಳನಾಗಿದ್ದ. ಅಲ್ಲಿ ಗೋಡೆ ಹಾರುವವನೂ ಅವನೇ, ರಾಜಕುಮಾರಿಯನ್ನು ವರಿಸುವವನೂ ಅವನೇ. ೧೯೪೦ರಲ್ಲಿ ಆ ಒಂದು ಪಾತ್ರವನ್ನು ಸೀಳಿ ಎರಡು ಮಾಡಿದರು. ಸಾಹಸವೆಲ್ಲ ಅಬು ಎಂಬ ಕಳ್ಳ ಹುಡುಗನಿಗೆ, ಅಂದರೆ ಸಾಬುವಿಗೆ. ಪ್ರಣಯ ಮತ್ತು ಸಿಂಹಾಸನ ಅಹಮದ್ ಎಂಬ ಅರಸನಿಗೆ, ಅಂದರೆ ಆಂಗ್ಲ ನಟ ಜಾನ್ ಜಸ್ಟಿನ್‌ಗೆ. ದೈತ್ಯನನ್ನು ಗೆಲ್ಲುವವನು ಅಬು. ಮಾಯಾಕಂಬಳಿಯ ಮೇಲೆ ಹಾರಿ ಬಂದು ಅರಸನ ತಲೆಯನ್ನು ಉಳಿಸುವವನು ಅಬು. ಕೊನೆಗೆ ಅರಸನು ಕೃತಜ್ಞತೆಯಿಂದ ಅವನನ್ನು ಓದಿಸಿ ಮಂತ್ರಿ ಮಾಡುವುದಾಗಿ ಹೇಳುತ್ತಾನೆ. ಅಬು ಆ ಮಾತು ಕೇಳಿ ಕಂಬಳಿ ಹತ್ತಿ ಓಡಿಹೋಗುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಸಾಬುವಿಗೆ ಆಗ ಹದಿನಾರು ವರ್ಷವಾದ್ದರಿಂದ ಈ ಏರ್ಪಾಡು ಸಹಜವಾಗಿಯೇ ತೋರುತ್ತದೆ.

ಆದರೆ ಏರ್ಪಾಡು ಅವನ ವಯಸ್ಸಿನೊಂದಿಗೆ ಬದಲಾಗಲಿಲ್ಲ. 'ಜಂಗಲ್ ಬುಕ್' ಚಿತ್ರದಲ್ಲಿ ಮೌಗ್ಲಿ ಊರಿಗೆ ಬರುತ್ತಾನೆ, ತಾಯಿಯನ್ನು ಕಾಣುತ್ತಾನೆ, ಒಬ್ಬ ಹುಡುಗಿಯನ್ನು ಕಾಣುತ್ತಾನೆ. ಕೊನೆಗೆ ಕಾಡಿಗೇ ಹಿಂತಿರುಗುತ್ತಾನೆ. ಅದೇ ವರ್ಷದ 'ಅರೇಬಿಯನ್ ನೈಟ್ಸ್', ಮುಂದಿನ 'ವೈಟ್ ಸ್ಯಾವೇಜ್' (೧೯೪೩), 'ಕೋಬ್ರಾ ವುಮನ್' (೧೯೪೪) ಈ ಮೂರರಲ್ಲಿಯೂ ನಾಯಕ ಜಾನ್ ಹಾಲ್, ನಾಯಿಕೆ ಮಾರಿಯಾ ಮೊಂಟೆಜ್, ಸಾಬು ಅವರ ಚುರುಕಾದ ಸಂಗಾತಿ. ನಮ್ಮ ಸಂಸ್ಕೃತ ನಾಟಕದ ಪರಿಭಾಷೆಯಲ್ಲಿ ಹೇಳುವುದಾದರೆ ಅವನಿಗೆ ದೊರೆತದ್ದು ಪೀಠಮರ್ದನ ಸ್ಥಾನ. ನಾಯಕನ ಕಾರ್ಯವನ್ನು ಸಾಧಿಸಿಕೊಡುವುದು ಅವನ ಕೆಲಸ, ಫಲ ಅವನದಲ್ಲ. ಅಂದಿನ ಹಾಲಿವುಡ್ಡಿನ ಚಿತ್ರಸಂಹಿತೆ ಬಿಳಿಯರ ಮತ್ತು ಕರಿಯರ ನಡುವಣ ಪ್ರಣಯವನ್ನು ನಿಷೇಧಿಸಿತ್ತು. ಅದರ ನೆರಳು ಏಷ್ಯದ ನಟರ ಮೇಲೂ ಬಿದ್ದಿತ್ತು. ಸಾಬುವಿನ ವಿಷಯದಲ್ಲಿ ನಿಷೇಧವನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ಅವನನ್ನು ಹುಡುಗನಾಗಿಯೇ ಇಟ್ಟರೆ ಪ್ರಶ್ನೆಯೇ ಏಳದು.

೫

ಇದಕ್ಕೆ ಒಂದು ಅಪವಾದವುಂಟು. ಯುದ್ಧದಿಂದ ಮರಳಿದ ಸಾಬು ಪಾವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿಯ 'ಬ್ಲ್ಯಾಕ್ ನಾರ್ಸಿಸಸ್' (೧೯೪೭) ಚಿತ್ರದಲ್ಲಿ ಹಿಮಾಲಯದ ಕಿರಿಯ ಜನರಲ್ ಆದ. ಹಿಮಾಲಯವನ್ನು ಕಟ್ಟಿದ್ದು ಲಂಡನ್ನಿನ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ. ಚಿತ್ರಕ್ಕೆ ಹೆಸರು ಬಂದಿರುವುದು ಈ ಯುವಕನ ಕರವಸ್ತ್ರದ ಅತ್ತರಿನಿಂದ. ಅದನ್ನು ಅವನು ತರಿಸಿಕೊಂಡದ್ದು ಲಂಡನ್ನಿನ ಅಂಗಡಿಯಿಂದ. ಕ್ರೈಸ್ತ ಸಂನ್ಯಾಸಿನಿಯರ ಮಠಕ್ಕೆ ರತ್ನಖಚಿತ ಉಡುಪಿನಲ್ಲಿ ಬಂದು ಗಣಿತ, ಭೌತಶಾಸ್ತ್ರ ಎಂದು ಕಲಿಯಬೇಕಾದ ವಿಷಯಗಳನ್ನು ಗಂಭೀರವಾಗಿ ಪಟ್ಟಿಮಾಡುವ ಅವನ ಠೀವಿಯಲ್ಲಿ ಹಾಸ್ಯವಿದೆ. ಆದರೆ ಬಾಗ್ದಾದಿನ ಅಬು ಶಾಲೆಯೆಂದರೆ ಓಡಿಹೋದವನು. ಈತ ತಾನಾಗಿ ಓದಲು ಬರುವವನು. ಇಲ್ಲಿ ಅವನಿಗೆ ಆಸೆಯುಂಟು, ಅಹಂಕಾರವುಂಟು, ಕಾಂಚಿ ಎಂಬ ಹುಡುಗಿಯೊಂದಿಗೆ ಪ್ರಣಯವುಂಟು, ಕೊನೆಯಲ್ಲಿ ತಪ್ಪನ್ನೊಪ್ಪಿಕೊಳ್ಳುವ ಲಜ್ಜೆಯುಂಟು. ಆ ಕ್ಷಮಾಪಣೆಯ ದೃಶ್ಯದಲ್ಲಿ ಸಾಬುವಿನ ಮುಖದಲ್ಲಿ ಮೊದಲ ಬಾರಿಗೆ ಪ್ರೌಢನೊಬ್ಬನು ಕಾಣಿಸುತ್ತಾನೆ. ಒಂದೂ ಪ್ರಾಣಿಯ ಸಹಾಯವಿಲ್ಲದೆ, ಒಂದೂ ಗೋಡೆಯನ್ನು ಹಾರದೆ, ಮಾತು ಮತ್ತು ನೋಟಗಳಿಂದಲೇ ಪಾತ್ರವನ್ನು ನಿಲ್ಲಿಸಬಲ್ಲೆನೆಂಬುದಕ್ಕೆ ಅವನು ಕೊಟ್ಟ ರುಜುವಾತು ಅದು. ಶಕ್ತಿ ಸಾಲದೆ ಅವನು ಬೆಳೆಯಲಿಲ್ಲವೆಂಬ ವಾದ ಈ ಒಂದು ಪಾತ್ರದ ಮುಂದೆ ನಿಲ್ಲಲಾರದು.

ಹಾಲಿವುಡ್ ಈ ರುಜುವಾತನ್ನು ಗಮನಿಸಲಿಲ್ಲ. 'ಮ್ಯಾನ್ ಈಟರ್ ಆಫ್ ಕುಮಾಂವ್' (೧೯೪೮) ಚಿತ್ರದಲ್ಲಿ ಹುಲಿ, 'ಸಾಂಗ್ ಆಫ್ ಇಂಡಿಯಾ' (೧೯೪೯) ಚಿತ್ರದಲ್ಲಿ ಕಾಡಿನ ಮೃಗಗಳ ರಕ್ಷಣೆ. ಕಡಿಮೆ ವೆಚ್ಚದ ಚಿತ್ರಗಳಲ್ಲಿ ಅವನು ಹೆಸರಿಗೆ ನಾಯಕನೇ ಆದ. ಕಥೆ ಮಾತ್ರ ಅವನನ್ನು ಕಾಡಿನಿಂದ ಹೊರಗೆ ಬಿಡಲಿಲ್ಲ. ೧೯೫೦ರ ದಶಕದ ಮೊದಲಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ಕೊಟ್ಟ. ಇಟಲಿಯಲ್ಲಿ ವಿತ್ತೋರಿಯೊ ಡಿ ಸಿಕಾನೊಂದಿಗೆ ನಟಿಸಿದ ೧೯೫೨ರ ಚಿತ್ರದಲ್ಲಿ ಬಡ ಉಪಾಧ್ಯಾಯನೊಬ್ಬನಿಗೆ ಆನೆಮರಿಯನ್ನು ಬಳುವಳಿ ಕೊಡುವ ಭಾರತೀಯ ರಾಜನಾದ. ೧೯೫೭ರ 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್' ಚಿತ್ರದಲ್ಲಿ ಅವನ ಪಾತ್ರ ಲಾಯದ ಆಳುಹುಡುಗ. ಅಷ್ಟರಲ್ಲಿ ಅವನಿಗೆ ೩೩ ವರ್ಷ. ಯುದ್ಧದಲ್ಲಿ ಪದಕ ಪಡೆದವನು, ಮಕ್ಕಳ ತಂದೆ. 'ಎಲಿಫೆಂಟ್ ಬಾಯ್' ತೆರೆಕಂಡು ಇಪ್ಪತ್ತು ವರ್ಷವಾದ ಮೇಲೂ ಅವನಿಗೆ ಅದೇ ಲಾಯ, ಅದೇ ಹುಡುಗತನ. ೧೯೬೦ರಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಅವನ ಹೆಸರಿನ ನಕ್ಷತ್ರವನ್ನು ಹಾಸಿದರು. ಅವನ ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಮರಣಾನಂತರ, ೧೯೬೪ರಲ್ಲಿ ಹೊರಬಂತು. ಅದರಲ್ಲಿಯೂ ಅವನ ಪಕ್ಕದಲ್ಲಿ ಹುಲಿಯಿತ್ತು.

ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ವಾಚಕರು ಕ್ಷಮಿಸಬೇಕು. ಕಾರಾಪುರದಿಂದ ತಂದ ಮೂಲಧನ ಒಂದೇ, ಮಾವುತರ ಮನೆಯ ಆ ವಿದ್ಯೆ. ಇಪ್ಪತ್ತಾರು ವರ್ಷ ಆ ಉದ್ಯಮ ಅದರಿಂದಲೇ ತೆಗೆಯುತ್ತ ಬಂತು; ತನ್ನ ಕಡೆಯಿಂದ ಒಂದು ಹೊಸ ಪಾತ್ರಜಾತಿಯನ್ನು ಅದಕ್ಕೆ ಜಮಾ ಮಾಡಲಿಲ್ಲ.

೬

ಬೆಳವಣಿಗೆ ಎಂದರೆ ಏನೆಂಬುದು ಹೋಲಿಕೆಯಿಂದ ಸ್ಪಷ್ಟವಾದೀತು. ಸಾಬುವಿಗಿಂತ ಐದು ವರ್ಷ ಕಿರಿಯರಾದ ರಾಜಕುಮಾರ್ ೧೯೨೯ರಲ್ಲಿ ಹುಟ್ಟಿದ್ದು ಗಾಜನೂರಿನಲ್ಲಿ, ಹಳೆಯ ಮೈಸೂರಿನ ತೆಂಕಣ ಕಾಡಿನ ಇನ್ನೊಂದು ಅಂಚಿನಲ್ಲಿ. ಅವರೂ ಬಡ ಕುಟುಂಬದವರು. ಅವರ ತಂದೆ ಗುಬ್ಬಿ ಕಂಪನಿಯ ನಟ. ನಾಯಕರಾಗಿ ಅವರ ಮೊದಲ ಚಿತ್ರ ೧೯೫೪ರ 'ಬೇಡರ ಕಣ್ಣಪ್ಪ'. ಅಲ್ಲಿ ಅವರೂ ಕಾಡಿನವರೇ, ಬಿಲ್ಲು ಹಿಡಿದ ಬೇಡ. ಪ್ರಾರಂಭ ಇಷ್ಟು ಸಮೀಪವಾಗಿದ್ದರೂ ಮುಂದಿನ ದಾರಿಗಳು ಎಷ್ಟು ದೂರ! ಬೇಡನಾಗಿ ಬಂದವರು ಕನಕದಾಸರಾದರು (೧೯೬೦), ಇಮ್ಮಡಿ ಪುಲಿಕೇಶಿಯಾದರು (೧೯೬೭), ಮರುವರ್ಷವೇ 'ಜೇಡರ ಬಲೆ'ಯ ಗುಪ್ತಚರನಾದರು, 'ಕಸ್ತೂರಿ ನಿವಾಸ'ದ ದಾನಿಯಾದರು (೧೯೭೧), 'ಬಂಗಾರದ ಮನುಷ್ಯ'ನಾದರು (೧೯೭೨), 'ಗಂಧದ ಗುಡಿ'ಯಲ್ಲಿ ಅರಣ್ಯಾಧಿಕಾರಿಯಾಗಿ ಅದೇ ಕಾಡಿಗೆ ಮರಳಿದರು (೧೯೭೩). ಇನ್ನೂರಕ್ಕೂ ಮಿಕ್ಕಿ ಚಿತ್ರಗಳು.

ಪ್ರತಿಭೆಯ ತಾರತಮ್ಯವನ್ನು ತೂಗುವುದು ಈ ಹೋಲಿಕೆಯ ಉದ್ದೇಶವಲ್ಲ. ಒಬ್ಬ ನಟನಿಗೆ ಭಕ್ತನೂ ಅರಸನೂ ಪ್ರಣಯಿಯೂ ಮುದುಕನೂ ಆಗಲು ಅನುಮತಿ ಬೇಕು. ಆ ಅನುಮತಿಯನ್ನು ಕೊಡುವವರು ಅವನನ್ನು ತಮ್ಮವನೆಂದು ತಿಳಿದ ಪ್ರೇಕ್ಷಕರು. ಹೊರಗಿನವರು ಒಬ್ಬನಲ್ಲಿ ಒಂದು ಗುಣವನ್ನು ಮೆಚ್ಚಿ, ಆ ಗುಣಕ್ಕೆ ಅವನನ್ನು ಕಟ್ಟಿಹಾಕುತ್ತಾರೆ. ಪರಸ್ಥಳದಲ್ಲಿ ಬಾಳುವ ನಮಗೆ ಇದರ ಅನುಭವ ಅಲ್ಪಸ್ವಲ್ಪವಾದರೂ ಇಲ್ಲದಿಲ್ಲ. ಲೆಕ್ಕದಲ್ಲಿ ಗಟ್ಟಿಗ, ಕಾಫಿ ಚೆನ್ನಾಗಿ ಮಾಡುವವರ ಮನೆಯವನು ಎಂದು ಹೆಸರಾದವನು ಬೇರೇನಾದರೂ ಆಗಬಲ್ಲನೆಂದು ಊಹಿಸುವವರು ಕಡಿಮೆ.

ಇದಕ್ಕೆ ಪ್ರತಿಯಾದ ಮಾತೊಂದನ್ನು ಮರೆಮಾಚಬಾರದು. ಸಾಬು ನಾಡಿನಲ್ಲಿಯೇ ಉಳಿದಿದ್ದರೆ ಏನಾಗುತ್ತಿದ್ದ? ೧೯೩೭ರಲ್ಲಿ ಕನ್ನಡ ಚಿತ್ರರಂಗವೆಂಬುದು ಕಣ್ಣು ಬಿಡುತ್ತಿದ್ದ ಕೂಸು. ನಾಟಕ ಕಂಪನಿಗಳಿಂದ ನಟರನ್ನು ಆರಿಸುತ್ತಿದ್ದ ಅದು ಮಾವುತರ ಕೇರಿಗೆ ಬಂದು ನಾಯಕನನ್ನು ಹುಡುಕುತ್ತಿತ್ತೆನ್ನಲು ಆಧಾರವಿಲ್ಲ. ಅವನು ಬಹುಶಃ ಲಾಯದಲ್ಲಿ ಕಾವಾಡಿಯಾಗಿ, ಮಾವುತನಾಗಿ, ದಸರೆಯ ಮೆರವಣಿಗೆಯಲ್ಲಿ ಆನೆ ನಡೆಸಿ ಹೆಸರಿಲ್ಲದೆ ಬಾಳುತ್ತಿದ್ದ. ಹಾಲಿವುಡ್ ಅವನನ್ನು ಬೆಳೆಯಗೊಡಲಿಲ್ಲ ಎನ್ನುವಾಗ, ನಾವು ಅವನನ್ನು ಕಾಣಲೇ ಇಲ್ಲ ಎಂಬುದನ್ನೂ ಕೂಡಿಸಿ ಹೇಳಬೇಕು.

೭

ಭಾರತೀಯ ಚಿತ್ರವೊಂದರಲ್ಲಿ ಅವನು ನಟಿಸುವ ಸಂಭವ ಒಮ್ಮೆ ಒದಗಿತ್ತು. ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ' ಚಿತ್ರದ ಬಿರ್ಜುವಿನ ಪಾತ್ರಕ್ಕೆ ಮೊದಲು ಆರಿಸಿದ್ದು ಸಾಬುವನ್ನು. ಅದು ಕೈಗೂಡಲಿಲ್ಲ, ೧೯೫೭ರಲ್ಲಿ ತೆರೆಕಂಡ ಚಿತ್ರದಲ್ಲಿ ಬಿರ್ಜುವಾದವರು ಸುನೀಲ್ ದತ್. ತಾಯಿಯ ಕೈಯಲ್ಲೇ ಸಾಯುವ ಆ ಸಿಡುಕಿನ ಮಗನ ಪಾತ್ರ, ಮಕ್ಕಳಾಟಿಕೆಗೆ ಎಡೆಯೇ ಇಲ್ಲದ ಪಾತ್ರ. ಅದೇ ವರ್ಷ ಸಾಬುವಿನ ಪಾಲಿಗೆ ಬಂದದ್ದು ಲಾಯದ ಹುಡುಗನ ಮಾಯದ ಉಂಗುರ. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ನಷ್ಟದ ಅಳತೆ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಆ ಚಿತ್ರಗಳಲ್ಲೆಲ್ಲ ಅವನ ಹೆಸರು ಬರಿಯ 'ಸಾಬು'. ಗ್ರಂಥಗಳು ಅದಕ್ಕೆ ಸೇರಿಸುವ 'ದಸ್ತಗೀರ್' ಎಂಬುದು ಅಣ್ಣನ ಹೆಸರು. ಈ ಲೇಖನದಲ್ಲಿಯೂ ರೂಢಿಯನ್ನು ಅನುಸರಿಸಿ ಇಷ್ಟುದ್ದಕ್ಕೂ ಏಕವಚನವನ್ನೇ ಬಳಸಿದ್ದಾಯಿತು. ರಾಜಕುಮಾರ್ ಅವರ ಪ್ರಸ್ತಾಪ ಬಂದಾಗ ಲೇಖನಿ ತಾನಾಗಿ ಬಹುವಚನಕ್ಕೆ ತಿರುಗಿತು. ಬರೆದು ಮುಗಿಸಿ ಓದಿ ನೋಡುವಾಗ ಇದು ಗಮನಕ್ಕೆ ಬಂದು ನಾಚಿಕೆಯಾಯಿತು. ಹಾಲಿವುಡ್ ಮಾಡಿದ್ದನ್ನೇ ನಾವೂ ನಮ್ಮ ವ್ಯಾಕರಣ ಮಾತ್ರದಿಂದ ಮಾಡುತ್ತಿದ್ದೇವೆ. ತಿದ್ದುಪಡಿ ಕಷ್ಟದ್ದಲ್ಲ. ನಮ್ಮ ಚಿತ್ರರಂಗದ ಇತಿಹಾಸ ಬರೆಯುವವರು ೧೯೩೪ರ ಕೊಲ್ಲಾಪುರದ ಪಕ್ಕದಲ್ಲಿ ೧೯೩೫ರ ಕಾರಾಪುರಕ್ಕೂ ಒಂದು ಅಧ್ಯಾಯವನ್ನು ಕೊಡಲಿ. ಆ ಅಧ್ಯಾಯದಲ್ಲಿ, ಮೂವತ್ತೊಂಬತ್ತು ವರ್ಷ ಬಾಳಿದ ಆ ಕಲಾವಿದರನ್ನು ಸಾಬು ಅವರು ಎಂದು ಕರೆಯಲಿ.